ಸವೆಯಲೆಂದು ಕೊಟ್ಟ ದನಿ

"ನೀವು ಬರದಿದ್ರೆ ನಮ್ಮ ಬ್ಯಾಂಡ್ ಇವತ್ತೇ ಒಡೆದುಹೋಗುತ್ತೆ," ಎಂದು ಬಾಗಿಲಲ್ಲಿ ನಿಂತು ನನ್ನ ಅತ್ತಿಗೆಗೆ ಹೇಳಿದವನನ್ನು ಕಂಡು ನಾನು ಲೋಟ ಕೆಳಗಿಟ್ಟು ಎದ್ದುನಿಂತೆ. ಕಾಲೇಜಿನ ದಿನಗಳಲ್ಲಿ ಆ ಮುಖ ನನ್ನ ಕೋಣೆಯ ಗೋಡೆಯ ಮೇಲಿತ್ತು. ಅವನು ನಾನು ಆರಾಧಿಸುತ್ತಿದ್ದ ರಾಕ್ ಬ್ಯಾಂಡಿನ ಡ್ರಮ್ಮರ್.

ಅತ್ತಿಗೆ ಪೇಪರಿನಿಂದ ತಲೆಯೆತ್ತಿದರು. "ಯಾವ ಬ್ಯಾಂಡು? ಮದುವೆಗೆ ಬಾರಿಸೋರಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಅತ್ತಿಗೆ ವಿಮಾ ಕಂಪನಿಯೊಂದರಲ್ಲಿ ಸುಟ್ಟ ಕಟ್ಟಡಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಮಸಿ ನೋಡಿಯೇ ಬೆಂಕಿ ಎಲ್ಲಿ ಹುಟ್ಟಿತು ಎಂದು ಹೇಳಿಬಿಡುತ್ತಿದ್ದರು. ನಿವೃತ್ತರಾದ ಮೇಲೂ ಜನ ತಮ್ಮ ಗಂಟುಗಳನ್ನು ಅವರ ಬಳಿ ತರುವುದು ಬಿಟ್ಟಿರಲಿಲ್ಲ. ಸಂಗೀತದ ವಿಷಯದಲ್ಲಿ ಮಾತ್ರ ಕುಕ್ಕರಿನ ಸೀಟಿಗೂ ಹಾಡಿಗೂ ಅವರಿಗೆ ವ್ಯತ್ಯಾಸ ತಿಳಿಯದು.

ಡ್ರಮ್ಮರ್ ಕುಳಿತು ವಿಷಯ ಹೇಳಿದ. ಬ್ಯಾಂಡಿನಲ್ಲಿ ಮೂವರು: ಹಾಡುವ ಅವನ ಅಕ್ಕ, ಅವನು, ಮತ್ತು ಮುಂಗೋಪಿ ಎಂದೇ ಎಲ್ಲರೂ ಕರೆಯುವ ಗಿಟಾರಿಸ್ಟ್. ಇಷ್ಟು ವರ್ಷ ಕಿವಿ ಗಡಚಿಕ್ಕುವ ಹಾಗೆ ನುಡಿಸಿದವರು, ಈ ಸಲ ಬೇರೆ ಹೆಸರಿನಲ್ಲಿ ಒಂದು ಪ್ರಯೋಗದ ಆಲ್ಬಂ ಮಾಡಲು ಹೊರಟಿದ್ದರು. ಜೊತೆಗಿದ್ದವನು ಮೆಲುದನಿಯ ಸಂಗೀತಕ್ಕೆ ಹೆಸರಾದ ನಿರ್ಮಾಪಕ. ಮಾತು ಕಡಿಮೆಯಾದ್ದರಿಂದ ಅವನಿಗೆ ಮೌನಿ ಎಂಬ ಅಡ್ಡಹೆಸರು.

"ಅಕ್ಕ ಒಂದು ಆಲಾಪ ಗುನುಗಿದ್ಲು. ಮೌನಿ ಆ ಟೇಪಿನ ಎರಡೂ ತುದಿ ಅಂಟಿಸಿ ಸುರುಳಿ ಮಾಡಿದ್ರು. ಅದು ರೂಮಿನ ಸುತ್ತ ಸ್ಟ್ಯಾಂಡ್‌ಗಳ ಮೇಲೆ ಹಾದು ಮತ್ತೆ ಮತ್ತೆ ಮೆಷಿನ್ನಿಗೆ ಬರುತ್ತೆ. ಪ್ರತಿ ಸುತ್ತಿಗೂ ಟೇಪು ಸವೆಯುತ್ತೆ, ದನಿ ಮಾಸುತ್ತೆ. ಆ ಮಾಸೋದೇ ಸಂಗೀತ. ಒಂದು ವಾರ ಅದರ ಜೊತೆ ಅಭ್ಯಾಸ ಮಾಡಿದೀವಿ, ಇವತ್ತು ಒಂದೇ ಉಸಿರಲ್ಲಿ ರೆಕಾರ್ಡ್ ಮಾಡ್ಬೇಕಿತ್ತು."

"ಆ ಟೇಪಿಗೆ ನಕಲು?"

"ಇಲ್ಲ. ಬೇಡ ಅಂತ ಅಕ್ಕನದೇ ಹಟ." ಅವನು ದನಿ ತಗ್ಗಿಸಿದ. "ನಾಡಿದ್ದು ಅವಳ ಗಂಟಲಿನ ಆಪರೇಷನ್. ಮಾತು ಉಳಿಯುತ್ತೆ, ಹಾಡಿಗೆ ಭರವಸೆ ಕೊಡಲಾರೆ ಅಂದಿದಾರೆ ಡಾಕ್ಟರು. ಇವತ್ತು ಬೆಳಗ್ಗೆ ಮೆಷಿನ್ ಹಾಕಿದ್ರೆ ಬರೀ ಸುಯ್ಯ್ ಅನ್ನೋ ಸದ್ದು. ಯಾರೋ ಅಕ್ಕನ ದನಿ ಅಳಿಸಿಬಿಟ್ಟಿದಾರೆ. ನಿನ್ನೆ ಸಂಜೆ ಮುಂಗೋಪಿ 'ಈ ಟೇಪಿಗೆ ಬೆಂಕಿ ಹಾಕ' ಅಂತ ಕೂಗಾಡಿದ್ದ. ಅವನೇ ಅಂತ ನಾನು ಕಾಲರ್ ಹಿಡಿದೆ. ಅವನು ಗಿಟಾರ್ ಪೆಟ್ಟಿಗೆ ತುಂಬಿಸ್ತಾ ಇದಾನೆ."

ಅತ್ತಿಗೆ ಚಪ್ಪಲಿ ಮೆಟ್ಟಿದರು. ನಾನು ಕಾರು ತೆಗೆದೆ.

ಹಳೆಯ ಮನೆಯೊಂದರ ಮೇಲಂತಸ್ತಿನಲ್ಲಿ ಸ್ಟುಡಿಯೋ ಇತ್ತು. ಬೀಗದ ಕೈ ಮೆಟ್ಟಿಲ ಬಳಿಯ ಹೂಕುಂಡದಡಿ ಇರುವುದು ಎಲ್ಲರಿಗೂ ಗೊತ್ತಂತೆ. ಒಳಗೆ ಬೂದು ಬಣ್ಣದ ಕಾರ್ಪೆಟ್, ನಡುವೆ ಮೆಷಿನ್, ಸುತ್ತ ಮೈಕಿನ ಸ್ಟ್ಯಾಂಡ್‌ಗಳು. ಅವುಗಳ ಮೇಲೆ ಕಂದು ಟೇಪು ಬಟ್ಟೆ ಒಣಹಾಕುವ ದಾರದ ಹಾಗೆ ಹಾದುಹೋಗಿತ್ತು. ಒಂದು ಗೋಡೆಯ ತುಂಬ ಮೊಳೆಗಳು, ಪ್ರತಿ ಮೊಳೆಗೂ ಒಂದೊಂದು ಹಳೆಯ ಸುರುಳಿ ಜೋತುಬಿದ್ದಿತ್ತು. ಯಾವುದರ ಮೇಲೂ ಹೆಸರಿರಲಿಲ್ಲ.

"ಗುರುತು ಹೇಗೆ?" ಅತ್ತಿಗೆ ಕೇಳಿದರು.

"ಹೆಸರು ಬರೆದ್ರೆ ಜನ ಕೇಳೋದು ಬಿಟ್ಟು ಓದ್ತಾರೆ," ಎಂದ ಮೌನಿ ಮೆತ್ತಗೆ. ಸಣಕಲು ದೇಹ, ಕೆಂಪಾದ ಕಣ್ಣು. "ಯಾವುದು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು. ಮಳೆ, ಗಂಟೆ, ರೈಲು... ಖಾಲಿಯೂ ಇವೆ."

ಮುಂಗೋಪಿ ಪೆಟ್ಟಿಗೆಯ ಮೇಲೆ ಕುಳಿತು ಗೊಣಗಿದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಒಬ್ಬನೇ ನುಡಿಸೋಕೆ ಒಂದು ಸೋಲೋ ಕೊಡ್ಲಿಲ್ಲ ಅಂತ ಕೂಗಿದ್ದು ನಿಜ. ಅಷ್ಟಕ್ಕೆ ಕಳ್ಳನಾಗ್ಬಿಟ್ನಾ?"

ಕಿಟಕಿಯ ಬಳಿ ಗಾಯಕಿ ಕುತ್ತಿಗೆಗೆ ಶಾಲು ಸುತ್ತಿಕೊಂಡು ನಿಂತಿದ್ದಳು. ಸಾವಿರಾರು ಜನರನ್ನು ಕುಣಿಸಿದ ಹೆಣ್ಣು, ಈಗ ಪಿಸುಮಾತನ್ನೂ ಅಳೆದು ಆಡುತ್ತಿದ್ದಳು.

"ಸುಮ್ಮನೆ ಓಡಿಸಿ, ಕೇಳೋಣ," ಎಂದರು ಅತ್ತಿಗೆ. ಸ್ಪೀಕರಿನಿಂದ ಸಣ್ಣ ಸುಯ್ಯ್ ಸದ್ದು, ಸುರುಳಿಯ ಅಂಟು ಹಾದಾಗಲೆಲ್ಲ ಒಂದು ಮೆಲ್ಲನೆಯ ಟಿಕ್. ಡ್ರಮ್ಮರನ ಬಲಗಾಲು ಅಭ್ಯಾಸಬಲದಿಂದ ತಾನೇ ತಾಳ ಹಾಕತೊಡಗಿತು. ಪ್ರತಿ ಸುತ್ತಿನಲ್ಲೂ ಟಿಕ್ ಮೊದಲು ಬಂದುಬಿಡುತ್ತಿತ್ತು, ಕಾಲು ಹಿಂದೆ ಬೀಳುತ್ತಿತ್ತು.

"ನಿನ್ನ ಕಾಲಿಗೆ ವಯಸ್ಸಾಯ್ತು ಕಣೋ," ಎಂದು ಮುಂಗೋಪಿ ಆ ಸಿಟ್ಟಿನಲ್ಲೂ ಛೇಡಿಸಿದ.

ಅತ್ತಿಗೆ ಅತ್ತ ತಿರುಗದೆ ಮಂಡಿಯೂರಿ ಕಾರ್ಪೆಟ್ ನೋಡುತ್ತಿದ್ದರು. ಕಿಟಕಿಯ ಕಡೆಯ ಸ್ಟ್ಯಾಂಡಿನ ಆಚೆಗೆ, ಮೂರು ಕಾಲುಗಳು ಒತ್ತಿದ ಗುಳಿಗಳು ಖಾಲಿ ಇದ್ದವು. ಆಮೇಲೆ ಸುರುಳಿಗಳ ಗೋಡೆಯ ಮುಂದೆ ತುಂಬ ಹೊತ್ತು ನಿಂತರು. ಅದರಡಿಯ ನೆಲಕ್ಕೆ ಬೆರಳು ತಾಗಿಸಿದರು. ಬೆರಳಿಗೆ ಕಂದು ಪುಡಿ ಅಂಟಿತು.

"ಎಲ್ಲರೂ ಕೂತ್ಕೊಳ್ಳಿ," ಎಂದರು. "ಮೊದಲನೇ ಮಾತು, ದನಿಯನ್ನ ಯಾರೂ ಅಳಿಸಿಲ್ಲ."

ಗಾಯಕಿ ಶಾಲಿನ ತುದಿ ಗಟ್ಟಿಯಾಗಿ ಹಿಡಿದಳು.

"ಸಂಗೀತ ನನಗೆ ತಿಳಿಯಲ್ಲ, ನನ್ನ ಮೈದುನನನ್ನ ಕೇಳಿ. ಆದ್ರೆ ಒಂದು ವಾರದಲ್ಲಿ ಪಳಗಿದ ಡ್ರಮ್ಮರನ ಕಾಲು ಬೆಳಗಾಗೋದ್ರೊಳಗೆ ತಪ್ಪಲ್ಲ. ತಪ್ಪಿದ್ದು ಟೇಪು. ಅದೇ ಟೇಪನ್ನ ಅಳಿಸಿದ್ರೆ ಉದ್ದ ಬದಲಾಗಲ್ಲ, ಟಿಕ್ ತನ್ನ ಹೊತ್ತಿಗೇ ಬರಬೇಕು. ಈಗ ಬೇಗ ಬರ್ತಿದೆ. ಅಂದ್ರೆ ಇದು ಬೇರೆ ಸುರುಳಿ, ಸ್ವಲ್ಪ ಗಿಡ್ಡ. ಗಿಡ್ಡ ಸುರುಳಿ ಬಿಗಿಯಾಗಿ ನಿಲ್ಲಲಿ ಅಂತ ಸ್ಟ್ಯಾಂಡನ್ನ ಒಳಕ್ಕೆ ತಳ್ಳಿದಾರೆ. ಹಳೇ ಗುಳಿ ಅಲ್ಲೇ ಇದೆ."

"ಹಾಗಾದ್ರೆ ಅಕ್ಕನ ಟೇಪು?" ಡ್ರಮ್ಮರ್ ಎದ್ದೇಬಿಟ್ಟ.

"ನಿಮ್ಮೆಲ್ಲರ ಕಣ್ಣೆದುರಿಗೇ ಇದೆ." ಅತ್ತಿಗೆ ಗೋಡೆಯ ಕಡೆ ಕೈ ತೋರಿಸಿದರು. "ಇಲ್ಲಿರೋ ಸುರುಳಿಗಳ ಮೇಲೆಲ್ಲ ಧೂಳು. ಒಂದರ ಮೇಲೆ ಮಾತ್ರ ಇಲ್ಲ. ಅದರ ಹಿಂದೆ ಗೋಡೆಯಲ್ಲಿ ಧೂಳು ಬಿಟ್ಟ ಅಚ್ಚಿದೆ, ಅಲ್ಲಿ ಮೊದಲು ನೇತಾಡ್ತಿದ್ದ ಸುರುಳಿಯದು. ಅಚ್ಚಿಗಿಂತ ಈ ಸುರುಳಿ ಒಂದು ಗೇಣು ಕೆಳಗಿಳಿದಿದೆ. ಮೆಷಿನ್ ಮೇಲೆ ಗಿಡ್ಡದು, ಗೋಡೆ ಮೇಲೆ ಉದ್ದದು. ಅದಲು ಬದಲು ಅಷ್ಟೇ. ಸವೆದ ಟೇಪಿನಿಂದ ಉದುರಿದ ಪುಡಿ ಅದರ ಕೆಳಗೇ ಬಿದ್ದಿದೆ."

"ಯಾರು?" ಗಾಯಕಿಯ ಪಿಸುಮಾತು.

"ದ್ವೇಷದವರಾಗಿದ್ರೆ ಅಳಿಸೋಕೆ ಒಂದು ಗುಂಡಿ ಒತ್ತಿದ್ರೆ ಸಾಕಿತ್ತು. ಇಷ್ಟು ಜೋಪಾನವಾಗಿ ತೂಗುಹಾಕಿದವರಿಗೆ ಆ ದನಿ ಬೇಕಾಗಿತ್ತು. ಇನ್ನು, ಹೆಸರಿಲ್ಲದ ಇಷ್ಟು ಸುರುಳಿಗಳಲ್ಲಿ ಖಾಲಿ ಯಾವುದು ಅಂತ ನಿಮ್ಮ ಗಿಟಾರಿಸ್ಟಿಗೆ ಹೇಗೆ ಗೊತ್ತಾಗ್ಬೇಕು? ಒಂದೊಂದೇ ತೆಗೆದು ಹಾಕಿ ನೋಡ್ಬೇಕಿತ್ತು. ಆದ್ರೆ ಉಳಿದ ಯಾವುದರ ಧೂಳೂ ಕದಡಿಲ್ಲ. ಆ ಕೈ ನೇರವಾಗಿ ಒಂದೇ ಮೊಳೆಗೆ ಹೋಗಿದೆ."

ಯಾರೂ ಹೆಸರು ಹೇಳಬೇಕಾಗಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಮೌನಿ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

"ನಿನ್ನೆ ಸಂಜೆ ಮೆಷಿನ್ ಒರೆಸುವಾಗ ಬಟ್ಟೆ ತುಂಬ ಪುಡಿ," ಎಂದ ಅವನು. "ಕೇಳಿದೆ. ಆಲಾಪ ಏರಿ ಮುಟ್ಟೋ ಮೇಲಿನ ಸ್ವರ ಹೋಗಿಬಿಟ್ಟಿತ್ತು. ಇನ್ನೊಂದು ದಿನ ಓಡಿದ್ರೆ ಉಳಿದದ್ದೂ ಹೋಗುತ್ತೆ. ಜೀವನವಿಡೀ ಸದ್ದು ಕೇಳಿದೀನಿ, ಇಂಥ ದನಿ ಕೇಳಿಲ್ಲ. ಆಪರೇಷನ್ ಆದ್ಮೇಲೆ ಎಂದಾದ್ರೂ ಅವರಿಗೇ ಬೇಕು ಅನ್ನಿಸಿದ್ರೆ? ನಕಲು ಮಾಡಲ್ಲ ಅಂತ ಮಾತು ಕೊಟ್ಟಿದ್ದೆ. ಬಚ್ಚಿಡಲ್ಲ ಅಂತ ಕೊಟ್ಟಿರಲಿಲ್ಲ."

"ಭೇಷ್!" ಮುಂಗೋಪಿ ಸಿಡಿದ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಬಿಟ್ಟುಕೊಡಿ, ಮಾಸಲಿ ಬಿಡಿ ಅಂತ ನಮಗೆ ವಾರವಿಡೀ ಪಾಠ. ನನ್ನನ್ನ ಕಳ್ಳ ಅಂದಾಗ ಬಾಯಿ ಬಿಡ್ಬಾರ್ದಾಗಿತ್ತಾ?"

"ಬಿಡಬೇಕಿತ್ತು. ಧೈರ್ಯ ಸಾಲಲಿಲ್ಲ. ಕ್ಷಮಿಸಿ." ಮೌನಿ ಎದ್ದು ಅವನ ಮುಂದೆ ಕೈಜೋಡಿಸಿದ.

ಗಾಯಕಿ ಗೋಡೆಯ ಬಳಿ ಹೋಗಿ ತನ್ನ ಸುರುಳಿಯನ್ನು ತಾನೇ ತೆಗೆದಳು. ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ತಂದಳು.

"ನಿಮ್ಮ ಮೇಲೆ ಕೋಪ ಇಲ್ಲ," ಎಂದಳು ಮೌನಿಗೆ. "ಆದ್ರೆ ಬಚ್ಚಿಟ್ಟ ದನಿ ದಿನಾ ನನ್ನನ್ನ ಹಂಗಿಸುತ್ತೆ, ನೋಡು ನೀನು ಹೀಗಿದ್ದೆ ಅಂತ. ನಾನು ಕೊಟ್ಟಿದ್ದು ಸವೆಯಲಿ ಅಂತ. ಇವರ ಜೊತೆ ನುಡೀತಾ ಮುಗೀಲಿ. ಹಾಕಿ."

ಸ್ಟ್ಯಾಂಡು ಹಳೆಯ ಗುಳಿಗಳಿಗೆ ಮರಳಿತು, ಮುಂಗೋಪಿಯ ಗಿಟಾರ್ ಪೆಟ್ಟಿಗೆಯಿಂದ ಹೊರಬಂತು, ರೆಕಾರ್ಡಿಂಗ್ ಶುರುವಾಯಿತು. ಅತ್ತಿಗೆಯೂ ನಾನೂ ಬಾಗಿಲ ಬಳಿ ಕುಳಿತೆವು. ಮಾಸಿದ ಆ ಗುನುಗು ಮೆಲ್ಲಗೆ ಕೋಣೆ ತುಂಬಿತು, ಡ್ರಮ್ಮರನ ಕಾಲು ಟಿಕ್‌ಗೆ ಸರಿಯಾಗಿ ಬಿತ್ತು. ಇಂಥ ಸಂಗೀತ ನಾನು ಕೇಳಿರಲಿಲ್ಲ. ಅಬ್ಬರಿಸಿ ಗೆದ್ದವರು ಇಷ್ಟು ಮೆಲ್ಲಗೆ ನುಡಿಸಬಲ್ಲರೆಂದು ಊಹಿಸಿಯೂ ಇರಲಿಲ್ಲ.

ದನಿ ಮೇಲೇರುತ್ತ ಹೋಗಿ ಒಂದು ಕಡೆ ತಟ್ಟನೆ ಖಾಲಿಯಾಯಿತು. ಮೌನಿ ಹೇಳಿದ ಆ ಸ್ವರ ಅಲ್ಲಿರಲಿಲ್ಲ. ಮುಂದಿನ ಸುತ್ತಿನಲ್ಲೂ ಅದೇ ಬಿರುಕು. ಮೂರನೇ ಸಲ ಬಂದಾಗ, ಸೋಲೋ ಬೇಕೆಂದು ಜಗಳವಾಡಿದ್ದ ಮುಂಗೋಪಿ ಅಲ್ಲಿ ಒಂದೇ ಒಂದು ತಂತಿ ಮೀಟಿ, ಅದು ತಾನಾಗಿ ಅಡಗುವವರೆಗೂ ಕೈ ತೆಗೆಯಲಿಲ್ಲ. ಅದು ಟೇಪಿನಲ್ಲಿ ಸವೆದುಹೋದ ಅವಳದೇ ಸ್ವರವಾಗಿತ್ತು.

ಗಾಯಕಿ ಅವನತ್ತ ತಿರುಗಿದಳು. ಸುತ್ತು ಮತ್ತೆ ಆ ಜಾಗಕ್ಕೆ ಬಂತು. ಹಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ ಅವಳು ತುಟಿಗಳನ್ನಷ್ಟೇ ತೆರೆದಳು, ಅವನು ತಂತಿ ಮೀಟಿದ.