ಒಂದೇ ಸುರುಳಿ

ಪಿನ್ನು ಎರಡೇ ಬೆರಳಿಗೆ ಈಚೆ ಬಂತು.

ಬರಬಾರದಿತ್ತು. ಕಿರುಬೆರಳುದ್ದದ ಆ ಉಕ್ಕಿನ ಪಿನ್ನನ್ನು ಬಿಲ್ಲೆಯ ತೂತಿಗೆ ಇಳಿಸಬೇಕಾದರೆ ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿಗೆ ಆಳು ಜೋತುಬೀಳಬೇಕು. ಒಮ್ಮೆ ಕೂತರೆ ಸುತ್ತಿಗೆಗೂ ಜಗ್ಗಬಾರದು. ಅದೀಗ ಯಜಮಾನರ ಬೆರಳ ತುದಿಯಲ್ಲಿ ಹಾಲುಹಲ್ಲಿನ ಹಾಗೆ ಅಲ್ಲಾಡಿ ಕಿತ್ತುಬಂದಿತ್ತು.

"ನಲವತ್ತಕ್ಕೆ ನಲವತ್ತೂ ಹೀಗೇ," ಎಂದರು ಯಜಮಾನರು. "ಗಾಲಿಕುರ್ಚಿ ಚಕ್ರ ನಿಂತಿರೋದು ಈ ಪಿನ್ನಿನ ಮೇಲಮ್ಮ. ಇಳಿಜಾರಲ್ಲಿ ಕಳಚಿದ್ರೆ ಕೂತವರ ಗತಿ?"

ಆ ತೂತುಗಳನ್ನು ಕೊರೆದವಳು ಲೇತಿನ ಮುಂದೆ ನಿಂತಿದ್ದಳು. ಷೆಡ್ಡಿನಲ್ಲಿ ಅವಳಿಗೆ ಮರಿಮೇಸ್ತ್ರಿ ಎಂದೇ ಹೆಸರು. ಮೇಸ್ತ್ರಿ ಎಂದರೆ ಅವಳ ಅಪ್ಪ.

"ಈ ಲೇತಲ್ಲಿ ಇದು ಮೂರನೇ ಸಲ. ಸಂಜೆ ಗುಜರಿಯವನು ಬಂದು ಲೇತು ಎತ್ಕೊಂಡು ಹೋಗ್ತಾನೆ. ನನ್ನ ಕೈಲಿ ಇನ್ನಾಗಲ್ಲ," ಎಂದರು ಯಜಮಾನರು.

"ಅವರಿಗೆ ಒಪ್ಪಿಗೆ ಇಲ್ಲ, ಬಿಡಿ," ಎಂದು ಪ್ರೆಸ್ಸಿನವನು ಗೊಣಗಿದ.

ಅವರು ಯಾರೆಂದು ಯಾರೂ ಕೇಳಲಿಲ್ಲ. ಒಂಬತ್ತು ತಿಂಗಳ ಹಿಂದೆ ಮೇಸ್ತ್ರಿ ಸತ್ತದ್ದು ಇದೇ ಲೇತಿನ ಮೇಲೆ, ನಿಂತ ನಿಲುವಿನಲ್ಲೇ. ಡ್ರಿಲ್ಲನ್ನು ಮುಂದಕ್ಕೆ ತಳ್ಳುವ ಕೈಚಕ್ರವನ್ನು ಆ ಬಲಗೈ ಬಿಟ್ಟಿರಲಿಲ್ಲ. ತಮ್ಮನೇ ಒಂದೊಂದಾಗಿ ಬೆರಳು ಬಿಡಿಸಿದ್ದು. ಆ ತಮ್ಮ, ಅವಳ ಚಿಕ್ಕಪ್ಪ, ಈಗ ಷೆಡ್ಡಿಗೆ ಮೇಸ್ತ್ರಿ. ಅವರು ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು.

ಷೆಡ್ಡಿನ ಹಿಂದೆಯೇ ಮನೆ. ಊಟದ ಹೊತ್ತಿಗೆ ಬಂದ ಮಗಳ ಮುಖ ನೋಡಿ ಅಮ್ಮ ತಟ್ಟೆ ಇಟ್ಟಳು.

"ಆ ಮೇಲಂಗಿ ಕಳಚು. ತಿಂದಾದ್ರೂ ಅಳು."

ಅಪ್ಪನದೇ ನೀಲಿ ಮೇಲಂಗಿ. ತೋಳು ಮೊಟಕು ಮಾಡಿ ಹೊಲಿದದ್ದು ಅಮ್ಮ. ಹಿತ್ತಲಿನಲ್ಲಿ ಅದನ್ನು ಒದರಲು ಹೋದ ಅಮ್ಮ ಹಾಗೇ ನಿಂತುಬಿಟ್ಟಳು. ಮಡಿಕೆ ಬಿಚ್ಚಿದಳು, ಜೇಬು ಮಗುಚಿದಳು. ಒಳಗೆ ಬಂದಾಗ ಅವಳ ಅಂಗೈಯಲ್ಲಿ ಉಕ್ಕಿನ ಸುರುಳಿಗಳಿದ್ದವು.

"ಇದು ಇವತ್ತಿಂದಾ?"

"ಹೂಂ."

"ನಿನ್ನೆ ಎಷ್ಟು ಕೊರೆದೆ?"

"ಒಂದೇ. ಮಾದರಿಗೆ. ಪಿನ್ನು ನರಳಿಕೊಂಡು ಒಳಗೆ ಹೋಯ್ತು, ಯಜಮಾನರು ಪಾಸು ಅಂದ್ರು. ಆಮೇಲಿನ ನಲವತ್ತೂ ಇವತ್ತು ಬೆಳಿಗ್ಗೆ."

"ಮಾದರಿ ಪಾಸಾದ ಮೇಲೆ ಅಳೀಲಿಲ್ವಾ?"

"ಯಾರೂ ಅಳೆಯಲ್ಲಮ್ಮ. ಅದೇ ಡ್ರಿಲ್ಲು, ಅದೇ ಲೇತು."

"ಹಿಂದಿನ ಎರಡು ಸಲಾನೂ ಹೀಗೇನಾ? ಒಂದು ದಿನ ಮಾದರಿ, ಮಾರನೇ ದಿನ ಬಾಕಿ?"

"ಹೀಗೇ."

"ರೀಮರು ಹಾಕಿದ್ಯಾ?"

ಡ್ರಿಲ್ಲು ಬೇಕೆಂದೇ ಚಿಕ್ಕ ತೂತು ಕೊರೆಯುತ್ತದೆ. ಅದನ್ನು ಕೂದಲೆಳೆಯಷ್ಟು ಹೆರೆದು ಸರಿಯಳತೆಗೆ ತರುವುದು ರೀಮರು — ಆ ಅಳತೆಯೂ ಪಿನ್ನಿಗಿಂತ ಒಂದು ಎಳೆ ಕಡಿಮೆಯೇ.

"ಹಾಕ್ದೆ. ಬೆಣ್ಣೆಲಿ ಹೋದ ಹಾಗೆ ಹೋಯ್ತು. ಅಂತೂ ಕೈ ಪಳಗಿತು ಅಂದ್ಕೊಂಡೆ."

"ಈಚೆ ಬಂದಾಗ ಅದರ ಸಂದಿಲಿ ಪುಡಿ ಇತ್ತಾ?"

ಮಗಳ ಕೈ ತುತ್ತಿನೊಂದಿಗೆ ಗಾಳಿಯಲ್ಲೇ ನಿಂತಿತು. "…ಇರಲಿಲ್ಲ."

"ಡ್ರಿಲ್ಲು ರಾತ್ರಿ ಎಲ್ಲಿತ್ತು?"

"ಲೇತಲ್ಲೇ." ಅವಳ ದನಿ ಇಳಿಯಿತು. "ಅಮ್ಮ, ಒಂದು ಮಾತು. ಸಂಜೆ ನಾನು ಕೈಚಕ್ರದ ಹಿಡಿ ಮೇಲಿಟ್ಟು ಬರ್ತೀನಿ. ಮೂರು ಸಲಾನೂ ಬೆಳಿಗ್ಗೆ ಕೆಳಗಿತ್ತು. ಅಪ್ಪ ಇಡ್ತಿದ್ದ ಹಾಗೆ. ಸ್ವಿಚ್ಚು ಆರಿಸಿದ ಮೇಲೂ ಯಾರೋ ಕತ್ತಿನ ಹಿಂದೆ ನಿಂತು ನೋಡ್ತಿದ್ದ ಹಾಗಿರುತ್ತೆ. ನಾನು ಅಲ್ಲಿರೋದು ಅಪ್ಪಂಗೆ ಬೇಡ್ವೇನೋ."

ಅಮ್ಮ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. "ನಿಮ್ಮಪ್ಪ ತಿರುಗಿ ಬರೋ ಹಾಗಿದ್ರೆ ಮೊದಲು ಮನೆಗೆ ಬಂದು ನನ್ನ ಹತ್ರ ಬೈಸ್ಕೊಂಡು ಹೋಗ್ತಿದ್ರು. ಏಳು. ಮೇಲಂಗಿ ಹಾಕ್ಕೋ."

ಷೆಡ್ಡಿನಲ್ಲಿ ಅಮ್ಮ ಕಾಲಿಟ್ಟದ್ದು ಒಂಬತ್ತು ತಿಂಗಳ ಮೇಲೆ ಅದೇ ಮೊದಲು. ಲೇತಿನ ಕಡೆ ನೋಡದೆ ಅವಳು ಪ್ರೆಸ್ಸಿನವನತ್ತ ನಡೆದಳು.

"ಏನಪ್ಪಾ, ಬೆಳಿಗ್ಗೆ ಬಾಗಿಲು ತೆಗೆಯೋನು ನೀನೇ ಅಲ್ವಾ? ನಿನ್ನ ಭಾವಮೈದ ಈ ಲೇತು ಕೊಂಡ್ಕೋಬೇಕು ಅಂತ ಕಣ್ಣು ಹಾಕಿದಾನಂತೆ?"

"ಹಾಕಿದ್ದ ಅಕ್ಕ. ಗುಜರಿಗೆ ಹೋದ್ರೆ ಅವನಿಗೆ ಸಿಗೋದೇನು, ತುಕ್ಕಾ?"

"ಒಂದು ಡ್ರಿಲ್ಲು ಮಸೆದು ತೋರಿಸು, ನೋಡೋಣ."

ಅವನು ಮಸೆದ. ಕಿಡಿ ಹಾರಿ ತುದಿ ನೀಲಿಗಟ್ಟಿತು. ಗಿಣಿ ಕೊಕ್ಕಿನ ಹಾಗೆ ಸೊಟ್ಟಗಾಯಿತು.

"ಇದರಲ್ಲಿ ಕುಂಬಳಕಾಯೀನೂ ಕೊರೆಯೋಕಾಗಲ್ಲ," ಎಂದಳು ಅಮ್ಮ. "ನೀನಲ್ಲ, ಬಿಡು."

"ಏನಲ್ಲ? ಇಲ್ಲಿ ಏನು ನಡೀತಿದೆ?" ಎಂದರು ಯಜಮಾನರು.

ಅಮ್ಮ ಮೇಜಿನ ಮೇಲೆ ಸುರುಳಿಗಳನ್ನು ಸುರಿದಳು.

"ಇಪ್ಪತ್ತಾರು ವರ್ಷ ಈ ಕೆಲಸದ ಅಂಗಿ ಒಗೆದಿದೀನಿ. ಬೆರಳು ಕುಯ್ಸಿಕೊಂಡೇ ಕಲಿತಿದ್ದು ಇದು. ಡ್ರಿಲ್ಲಿನ ತುದೀಲಿ ಎರಡು ತುಟಿ, ಅಂದ್ರೆ ಕೊರೆಯೋ ಅಂಚು. ಎರಡೂ ಸಮ ಇದ್ರೆ ಎರಡೂ ಕೊರೀತವೆ, ಸುರುಳಿ ಜೋಡಿ ಜೋಡಿ ಬರುತ್ತೆ. ನಿನ್ನೆ ಒದರಿದಾಗ ಹಾಗೇ ಬಿದ್ವು. ಇವತ್ತು ನೋಡಿ. ಎಲ್ಲ ಒಂಟಿ, ಎಲ್ಲ ದಪ್ಪ. ಒಂದು ತುಟಿ ಉದ್ದ ಆಗಿದೆ. ಅದೊಂದೇ ಕೊರೆದಿದೆ. ಡ್ರಿಲ್ಲು ಓಲಾಡಿ ತೂತು ಮೊದಲೇ ಅಗಲ ಆಗಿದೆ. ರೀಮರಿಗೆ ಹೆರೆಯೋಕೆ ಏನೂ ಉಳಿದಿಲ್ಲ. ಈ ಪೆದ್ದಿ ಕೈ ಪಳಗಿತು ಅಂದ್ಕೊಂಡಳು."

"ಅಂದ್ರೆ ರಾತ್ರಿ ಯಾರೋ—?"

"ಬಿಚ್ಚಿ, ಒಂದು ತುಟೀನ ಒಂದಿಷ್ಟೇ ತಿದ್ದಿ, ಮತ್ತೆ ಹಾಕಿದಾರೆ. ಕಣ್ಣಿಗೆ ಕಾಣದಷ್ಟು, ಮೂರು ಸಲಾನೂ ಹಾಗೇ. ಅಷ್ಟು ನಾಜೂಕಾಗಿ ಕೆಡಿಸೋಕೆ ಒಳ್ಳೇ ಕೈ ಬೇಕು. ಹೋಗುವಾಗ ಚಕ್ರದ ಹಿಡಿ ಕೆಳಗಿಡ್ಬೇಕು ಅಂತ ನನ್ನ ಗಂಡ ಇಬ್ಬರಿಗೆ ಬಡ್ಕೊಂಡ್ರು. ಇವಳು ಕಲೀಲಿಲ್ಲ." ಅಮ್ಮ ಕಿಟಕಿಯತ್ತ ತಿರುಗಿದಳು. "ನನ್ನ ಮೈದುನ ಕಲಿತ."

ಚಿಕ್ಕಪ್ಪ ಕಿಟಕಿ ಬಿಟ್ಟು ಇತ್ತ ತಿರುಗಿದರು.

"ಯಾಕಪ್ಪಾ? ಗಾಲಿಕುರ್ಚಿಲಿ ಕೂತೋರು ಏನು ಮಾಡಿದ್ರು ನಿಂಗೆ?" ಎಂದಳು ಅಮ್ಮ.

"ಒಂದನ್ನೂ ಹೊರಗೆ ಹೋಗೋಕೆ ಬಿಟ್ಟಿಲ್ಲ, ಅತ್ತಿಗೆ. ಮೂರು ಸಲಾನೂ ಯಜಮಾನರಿಗೆ ನಾನೇ ಹೇಳಿದ್ದು, ಎಳೆದು ನೋಡಿ ಅಂತ." ಚಿಕ್ಕಪ್ಪ ಟೊಪ್ಪಿ ತೆಗೆದು ಹಿಂಡಿದರು. "ಬೆಳಿಗ್ಗೆ ಬಾಗಿಲಲ್ಲಿ ಕಾಲಿಟ್ರೆ ಮೊದಲು ಕಾಣೋದು ಇವಳ ಬೆನ್ನು. ಅದೇ ಅಂಗಿ. ಅವನ ಹಾಗೇ ಎಡಭುಜ ಇಳಿಬಿಟ್ಕೊಂಡು… ಆವತ್ತು ನಾನು ಹಿಂದಿನಿಂದ ಮೂರು ಸಲ ಕರೆದೆ. ಅಣ್ಣ ತಿರುಗಲಿಲ್ಲ. ಕಿವುಡಾ ಅಂತ ಬೈದೂ ಬಿಟ್ಟೆ. ಅವನು ಆಗಲೇ ಹೋಗಿದ್ದ." ಅವರು ಮರಿಮೇಸ್ತ್ರಿಯತ್ತ ನೋಡಿದರು. "ಇವಳನ್ನ ಒಂದು ದಿನಾನೂ ಹಿಂದಿನಿಂದ ಕರೆದಿಲ್ಲ ನಾನು. ತಿರುಗದಿದ್ರೆ? ಈ ಲೇತು ಹೋದ್ರೆ ಆ ಬೆನ್ನೂ ಹೋಗುತ್ತೆ ಅಂದ್ಕೊಂಡೆ."

ಯಜಮಾನರು ಅಮ್ಮನನ್ನು ನೋಡಿದರು. ಅಮ್ಮ ಮಗಳನ್ನು ನೋಡಿದಳು.

ಮರಿಮೇಸ್ತ್ರಿ ಚಿಕ್ಕಪ್ಪನ ಎದುರಿಗೆ ಬಂದು ನಿಂತಳು. "ಅಪ್ಪಂಗೇ ನಾನು ಬೇಡವಾದೆ ಅಂದ್ಕೊಂಡು ಬದುಕಿದೀನಿ, ಚಿಕ್ಕಪ್ಪ. ನಿಮಗೆ ಭಯ ಇದ್ರೆ ನನಗೆ ಹೇಳೋಕೇನಾಗಿತ್ತು?"



ಅವಳು ಮುಖ ಒರೆಸಿಕೊಂಡು ಯಜಮಾನರತ್ತ ತಿರುಗಿದಳು. "ಗುಜರಿಯವನಿಗೆ ಬರಬೇಡ ಅನ್ನಿ. ನಲವತ್ತನ್ನೂ ನಾನೂ ಚಿಕ್ಕಪ್ಪನೂ ಹೊಸದಾಗಿ ಮಾಡಿಕೊಡ್ತೀವಿ, ಒಂದೊಂದೂ ಅಳೆದು. ಅದಕ್ಕೂ ಮೊದಲು ಲೇತು ಇಲ್ಲಿಂದ ಏಳಬೇಕು. ದಿಕ್ಕು ತಿರುಗಿಸಿ ಕೂರಿಸೋಣ. ನಿಂತೋರ ಮುಖ ಬಾಗಿಲಿಗೆ ಕಾಣಬೇಕು."

ಯಜಮಾನರು ಹೂಂ ಎಂದರು. ಪ್ರೆಸ್ಸಿನವನು ಹಾರೆ ತಂದ. ನೆಲದ ಬೋಲ್ಟು ಬಿಚ್ಚಲು ಅವಳು ಲೇತಿನ ಬುಡದಲ್ಲಿ ಬಾಗಿದಳು, ಬೆನ್ನು ಎಲ್ಲರ ಕಡೆಗೆ. ಒಂದು ಬೋಲ್ಟು ಬಂತು. ಎರಡನೆಯದಕ್ಕೆ ಸ್ಪ್ಯಾನರು ಹಾಕುವಾಗ ಹಿಂದಿನಿಂದ ದನಿಯೊಂದು ಕೇಳಿತು — ಮೆಲ್ಲಗೆ, ಕತ್ತಲೆಯಲ್ಲಿ ಮೆಟ್ಟಿಲು ತಡಕುವ ಕಾಲಿನ ಹಾಗೆ.

"ಮಗಳೇ…"

"ಏನು ಚಿಕ್ಕಪ್ಪ?" ಅವಳು ತಿರುಗಿ ನೋಡಿದಳು. "ಕಿವುಡಲ್ಲ ನಾನು. ಬನ್ನಿ, ಆ ಕಡೆ ಹಿಡೀರಿ."