ಏಳನೆಯ ಸಾಲಿನ ಸೊನ್ನೆ

ಸೀಟು ಸಿಕ್ಕವರು ಬಂದು ನೋಡಿಹೋಗುವ ಆ ದಿನ ಡರ್ಹಮ್ ವಿಶ್ವವಿದ್ಯಾಲಯದಲ್ಲಿ ದಾರಿ ತೋರಿಸುವ ವಿದ್ಯಾರ್ಥಿಗಳೆಲ್ಲ ನೇರಳೆ ಅಂಗಿ ತೊಟ್ಟಿದ್ದರು. ಹಾಗಾಗಿ ರೈಲ್ವೇ ಸ್ಟೇಷನ್ನಿನ ಇಳಿಜಾರಿನಲ್ಲಿ ನೇರಳೆ ಕೋಟು ಹಾಕಿಕೊಂಡು, ಕೈಯಲ್ಲೊಂದು ಕರಿ ಪೆಟ್ಟಿಗೆ ಹಿಡಿದು ನಿಂತಿದ್ದ ಹುಡುಗನನ್ನು ಥಿಯಾ ಸಟ್‌ಕ್ಲಿಫ್ ವಿಚಾರಿಸಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

"ಗಣಿತ ವಿಭಾಗಕ್ಕೆ ಹೇಗೆ ಹೋಗೋದು, ಸ್ವಲ್ಪ ಹೇಳ್ತೀರಾ?"

ಹುಡುಗ ಅವಳನ್ನು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮತ್ತೆ ಅವಳನ್ನೇ ನೋಡಿದ.

"ನನ್ನ ಜೊತೆ ಬನ್ನಿ," ಎಂದ.

ಅವನು ಕರೆದದ್ದು ಒಬ್ಬಳನ್ನು, ಹಿಂದೆ ಹೊರಟವರು ಹನ್ನೊಂದು ಜನ. ಮಕ್ಕಳಿಗಿಂತ ಹೆಚ್ಚು ಗಾಬರಿಯಾಗಿದ್ದ ಅಪ್ಪಂದಿರು, ನೀರಿನ ಬಾಟಲಿ ಹಿಡಿದ ಅಮ್ಮಂದಿರು, ಎಲ್ಲರೂ ಆ ನೇರಳೆ ಕೋಟನ್ನೇ ನಂಬಿಕೊಂಡು ಸೇತುವೆ ದಾಟಿದರು, ಗುಡ್ಡ ಹತ್ತಿದರು, ಕಲ್ಲುಹಾಸಿನ ಓಣಿಯೊಂದರಲ್ಲಿ ಎರಡು ಸಲ ತಿರುಗಿದರು. ಕೊನೆಗೆ ಒಂದು ಕಾಲೇಜಿನ ಅಡುಗೆಮನೆಯ ಹಿತ್ತಿಲಲ್ಲಿ, ಕಸದ ಡಬ್ಬಿಗಳ ನಡುವೆ ಬಂದು ನಿಂತರು. ಆಲೂಗಡ್ಡೆ ಮೂಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಡುಗೆಯವನು ಇಷ್ಟು ಜನ ಊಟಕ್ಕೆ ಬಂದರೇನೋ ಎಂಬಂತೆ ಎದ್ದುನಿಂತ.

"ನೀವು ಇಲ್ಲಿ ಎಷ್ಟನೇ ವರ್ಷ?" ಥಿಯಾ ಮೆಲ್ಲಗೆ ಕೇಳಿದಳು.

"ಇನ್ನೂ ಸೇರಿಲ್ಲ. ನಿಮ್ಮ ಹಾಗೇ, ಗಣಿತಕ್ಕೇ ಸೀಟು ಸಿಕ್ಕಿದೆ, ನೋಡ್ಕೊಂಡು ಹೋಗೋಕೆ ಬಂದೆ."

"ಮತ್ತೆ ಈ ಕೋಟು?"

"ನಮ್ಮ ಹಳ್ಳಿ ಬ್ಯಾಂಡಿಂದು. ಮಧ್ಯಾಹ್ನ ಸ್ಪರ್ಧೆ ಇದೆ." ಅವನು ಪೆಟ್ಟಿಗೆ ಎತ್ತಿ ತೋರಿಸಿದ. ಅದರೊಳಗೆ ಹಿತ್ತಾಳೆಯ ಕಹಳೆಯಿತ್ತು. "ಇಲ್ಲಿಂದ ಆರು ಮೈಲಿ ನಮ್ಮೂರು."

"ಆರು ಮೈಲಿ! ಆದರೂ ದಾರಿ ಗೊತ್ತಿಲ್ವಾ?"

"ನಮ್ಮೂರ ಗಣಿ ಜನ ಈ ಗುಡ್ಡ ಹತ್ತೋದು ಬ್ಯಾಂಡ್ ಊದೋಕೆ ಮಾತ್ರ."

"ಗೊತ್ತಿಲ್ಲ ಅಂತ ಹೇಳೋಕೆ ಏನಾಗಿತ್ತು?"

ಅವನ ಕಿವಿ ಕೆಂಪಾಯಿತು. "ನೀವು ಅಷ್ಟು ನಂಬಿಕೆಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವನ ಹೆಸರು ಆಲ್ಬಿ ಹೆಡ್ಲಿ. ಅದು ತಾತನ ಹೆಸರಂತೆ, ಕಹಳೆಯೂ ತಾತನದೇ ಅಂತೆ. ಗಣಿತ ವಿಭಾಗವನ್ನು ಕೊನೆಗೆ ಹುಡುಕಿಕೊಟ್ಟವನು ಅಡುಗೆಯವನು. ಅಲ್ಲಿ ಮುಟ್ಟುವಷ್ಟರಲ್ಲಿ ಇಬ್ಬರ ನಡುವಿನ 'ನೀವು' ಎಲ್ಲೋ ಗುಡ್ಡದ ಮೇಲೆ ಬಿದ್ದುಹೋಗಿತ್ತು.

*

ಮೂರು ವಾರ ಕಳೆದ ಮೇಲೆ ವಾರಿಕ್ ವಿಶ್ವವಿದ್ಯಾಲಯದಲ್ಲಿ ಕೆರೆಯ ದಂಡೆಯ ಬಾತುಗಳ ಮಧ್ಯೆ ನಕಾಶೆ ತಲೆಕೆಳಗು ಹಿಡಿದು ನಿಂತಿದ್ದವನನ್ನು ಕಂಡಾಗ ಥಿಯಾಳ ಎದೆ ಢವಗುಟ್ಟಿತು. ಇಷ್ಟು ದೊಡ್ಡ ಇಂಗ್ಲೆಂಡಿನಲ್ಲಿ ಅವರಿಬ್ಬರ ಕಾಲೇಜು ಪಟ್ಟಿಯಲ್ಲೂ ಉಳಿದದ್ದು ಡರ್ಹಮ್, ವಾರಿಕ್ ಎಂಬ ಅವೇ ಎರಡು ಹೆಸರು.

"ಈ ಸಲ ದಾರಿ ನಾನು ತೋರಿಸ್ತೀನಿ ಕಣೋ," ಎಂದಳು. ಕೋಟು ಈ ಸಲ ಇರಲಿಲ್ಲ. ಕಿವಿ ಮಾತ್ರ ಹಾಗೇ ಕೆಂಪಾಯಿತು.

ಮಾದರಿ ಪಾಠಕ್ಕೆ ಬಂದ ಅಧ್ಯಾಪಕಿ ಸ್ವಾಗತ ಗೀಗತ ಏನೂ ಹೇಳಲಿಲ್ಲ. ಸೀದಾ ಗೋಡೆ ತೋರಿಸಿದರು. "ಈ ಗೋಡೆಯ ಪ್ರತಿ ಚುಕ್ಕಿಗೂ ಕೆಂಪೋ ನೀಲಿಯೋ ಬಳೀರಿ. ಹೇಗೆ ಬೇಕಾದರೂ ಸರಿ. ಸರಿಯಾಗಿ ಒಂದು ಅಡಿ ದೂರದಲ್ಲಿ ಒಂದೇ ಬಣ್ಣದ ಎರಡು ಚುಕ್ಕಿ ಸಿಗಬಾರದು. ಆಗುತ್ತಾ?"

ಥಿಯಾ ಕೈ ಎತ್ತಿದ್ದು ಅವಳಿಗೇ ಗೊತ್ತಾಗಲಿಲ್ಲ. "ಆಗಲ್ಲ. ಒಂದಡಿ ಒಂದಡಿ ಇರೋ ತ್ರಿಕೋನ ತಗೊಂಡ್ರೆ ಮೂಲೆ ಮೂರು, ಬಣ್ಣ ಎರಡೇ. ಎರಡು ಮೂಲೆಗೆ ಒಂದೇ ಬಣ್ಣ ಬರಲೇಬೇಕು."

"ಚೆನ್ನಾಗಿದೆ. ಮೂರು ಬಣ್ಣ ಕೊಟ್ಟರೆ?"

ಥಿಯಾ ಬಾಯಿ ತೆರೆದಳು, ಮುಚ್ಚಿದಳು. ಅಧ್ಯಾಪಕಿ ನಕ್ಕರು. "ಮನೆಗೆ ಹೋಗಿ ಯೋಚಿಸಿ."

ಮನೆಯವರೆಗೆ ಯಾರು ಕಾಯುತ್ತಾರೆ? ಉತ್ತರಕ್ಕೆ ಹೋಗುವ ರೈಲಿನಲ್ಲಿ ಆಲ್ಬಿಯ ಎದುರು ಕೂತವಳು ಊರು ನೋಡಲಿಲ್ಲ, ಅವನು ಕೊಂಡು ತಂದ ಚೀಸ್ ಸ್ಯಾಂಡ್‌ವಿಚ್ ನೋಡಲಿಲ್ಲ. ಪೆನ್ನಿನ ಶಾಯಿ ಮುಗಿದಾಗ ಕೈ ಮಾತ್ರ ಚಾಚಿದಳು. ಅವನು ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ಆ ಕೈಯಲ್ಲಿಟ್ಟ. ಬ್ಯಾಂಡಿನವರು ಸ್ವರದ ಹಾಳೆಗೆ ಗುರುತು ಹಾಕುವ ಪೆನ್ಸಿಲ್, ಹಿಂಭಾಗದ ತುಂಬ ಹಲ್ಲಿನ ಗುರುತು.

"ಎರಡು ತ್ರಿಕೋನ ಅಂಟಿಸಿದರೆ ವಜ್ರದ ಆಕಾರ," ಅವಳು ಗೊಣಗುತ್ತಿದ್ದಳು. "ಮೂರೇ ಬಣ್ಣ ಅಂದ್ರೆ ಅದರ ಮೇಲಿನ ತುದಿಗೂ ಕೆಳಗಿನ ತುದಿಗೂ ಒಂದೇ ಬಣ್ಣ. ಅಂಥ ಎರಡು ವಜ್ರಾನ ಒಂದೇ ತುದಿಗೆ ಕಟ್ಟಿ, ಕತ್ತರಿ ಹಾಗೆ ಅಗಲಿಸ್ತಾ ಹೋದರೆ..."

"ಇನ್ನೆರಡು ತುದಿ ಒಂದಡಿ ದೂರ ಬರೋವರೆಗೂ," ಎಂದ ಆಲ್ಬಿ.

"ಆ ಎರಡಕ್ಕೂ ಒಂದೇ ಬಣ್ಣ! ಆಗಲ್ಲ! ಮೂರು ಬಣ್ಣದಲ್ಲೂ ಆಗಲ್ಲ!"

ಬೋಗಿಯ ಜನವೆಲ್ಲ ತಿರುಗಿ ನೋಡಿದರು. ಥಿಯಾ ನೋಡಿದ್ದು ಒಬ್ಬನನ್ನೇ. ಅವನು ಚಿತ್ರ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಗಲ್ಲಕ್ಕೆ ಕೈಕೊಟ್ಟು, ಸಂತೋಷವೋ ಸಂಕಟವೋ ಹೇಳಲಾಗದ ಒಂದು ಮುಖ ಮಾಡಿಕೊಂಡು ಕೂತಿದ್ದ. ಸಿಕ್ಕಿಬಿದ್ದೆನೆಂದು ಗೊತ್ತಾದಾಗ ಕಿಟಕಿಯ ಕಡೆ ತಿರುಗಿದ. ಅಷ್ಟರಲ್ಲಿ ಅವಳು ಇಳಿದು ರೈಲು ಬದಲಿಸಬೇಕಾದ ಲೀಡ್ಸ್ ಬಂತು. ಅವಳು ಪೆನ್ಸಿಲ್ ವಾಪಸು ಕೊಟ್ಟು, ಬಾಗಿಲು ಮುಚ್ಚುವ ಮೊದಲು ಕೆಳಗೆ ಹಾರಿದಳು.

*

ಇಲ್ಲಿಂದ ಮುಂದೆ ಕಥೆ ಸುಲಭ ಎಂದುಕೊಂಡರೆ ನಿಮಗೆ ಥಿಯಾಳ ಅಕ್ಕ ಬೆತ್ ಗೊತ್ತಿಲ್ಲ ಎಂದರ್ಥ.

ಬೆತ್ ಎರಡು ವರ್ಷದ ಕೆಳಗೆ ಒಬ್ಬ ಹುಡುಗನ ಬೆನ್ನುಹತ್ತಿ ಲಿವರ್‌ಪೂಲಿನ ಕಾಲೇಜು ಸೇರಿದ್ದಳು. ಕ್ರಿಸ್‌ಮಸ್ ಬರುವ ಮೊದಲೇ ಹುಡುಗ ಕೈಕೊಟ್ಟ, ಓದು ರುಚಿಸಲಿಲ್ಲ, ಹ್ಯಾಲಿಫ್ಯಾಕ್ಸಿನ ಮನೆಗೆ ಮೂಟೆ ಸಮೇತ ವಾಪಸಾದಳು. ಈಗ ಬೇಕರಿಯಲ್ಲಿ ಕೆಲಸ. ಅವತ್ತಿನಿಂದ ಆ ಮನೆಯಲ್ಲಿ ಒಂದೇ ಕಾನೂನು: ಹುಡುಗನಿಗಾಗಿ ಕಾಲೇಜು ಆರಿಸಬಾರದು. ಥಿಯಾ ಆ ಕಾನೂನಿಗೆ ಆಣೆ ಇಟ್ಟು ಒಪ್ಪಿಕೊಂಡಿದ್ದಳು.

ಎರಡೂ ಕಡೆ ಸೀಟು ಸಿಕ್ಕಿದೆ, ಜೂನ್ ತಿಂಗಳ ಪರೀಕ್ಷೆಯಲ್ಲಿ ಅವರು ಕೇಳಿದಷ್ಟು ಮಾರ್ಕ್ಸ್ ಬರಬೇಕಷ್ಟೆ. ಒಂದನ್ನು ಮೊದಲ ಆಯ್ಕೆ ಎಂದು ಫೋನಿನಲ್ಲಿ ಒತ್ತಬೇಕು, ಇನ್ನೊಂದನ್ನು, ಮಾರ್ಕ್ಸ್ ಸಾಲದಿದ್ದರೆ ಇರಲಿ ಎಂದು, ಆಸರೆಗೆ ಇಟ್ಟುಕೊಳ್ಳಬೇಕು. ವಾರಿಕ್ ಕೇಳಿದ್ದು ಹೆಚ್ಚು ಮಾರ್ಕ್ಸ್, ಡರ್ಹಮ್ ಒಂದು ಮೆಟ್ಟಿಲು ಕೆಳಗೆ. ಗಣಿತದ ಹುಡುಗಿ ಮಾಡುವುದನ್ನೇ ಥಿಯಾ ಮಾಡಿದಳು. ಚೌಕುಳಿ ಪುಸ್ತಕದಲ್ಲಿ ಕೋಷ್ಟಕ ಹಾಕಿ, ಒಂದೊಂದು ವಿಷಯಕ್ಕೂ ಇಷ್ಟಿಷ್ಟು ತೂಕ ಎಂದು ಬರೆದಳು. ಪಾಠಕ್ಕೆ ಹತ್ತು. ಊರಿನ ಅಂದಕ್ಕೆ ನಾಲ್ಕು. ಊಟಕ್ಕೆ ಮೂರು.

ಆ ಪುಸ್ತಕ ಒಂದು ಭಾನುವಾರ ಬೆತ್‌ಳ ಕೈಗೆ ಸಿಕ್ಕಿತು.

"ಏನೇ ಇದು ಏಳನೇ ಸಾಲು? ಬರೀ 'ಆ' ಅಂತ ಬರೆದಿದೀಯ. ತೂಕ ಸೊನ್ನೆ."

"ಏನಿಲ್ಲ ಬಿಡೇ."

"ಸೊನ್ನೆ ಅಂದ್ಮೇಲೆ ಬರೆಯೋದು ಯಾಕೆ? ನಾನು ಬ್ರೆಡ್ಡಿಗೆ ಹಾಕದಿರೋ ಸಾಮಾನೆಲ್ಲ ಚೀಟೀಲಿ ಬರೀತೀನಾ?"

ಥಿಯಾ ಪುಸ್ತಕ ಕಿತ್ತುಕೊಂಡಳು. "ಲೆಕ್ಕಕ್ಕೆ ತಗೊಂಡಿಲ್ಲ ಅಂತ ನನಗೆ ಗೊತ್ತಿರಲಿ ಅಂತ ಬರೆದೆ."

ಬೆತ್ ತಂಗಿಯ ತಲೆ ಸವರಿ, "ಈ ಸೊನ್ನೆ ಹೆಸರು ಆಲ್ಬಿನಾ, ಆಡಮ್ಮಾ?" ಎಂದಳು. ಥಿಯಾ ದಿಂಬು ಎಸೆದಳು.

ದಿನಕ್ಕೆ ನಲವತ್ತು ಮೆಸೇಜು ಹೋಗಿ ಬರುತ್ತಿದ್ದವು. ಲೆಕ್ಕ, ಬ್ಯಾಂಡು, ಬಾತು, ಎಲ್ಲದರ ಬಗ್ಗೆಯೂ. ಒಂದು ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ನೀನಿಲ್ಲದೆ ಇರಲಾರೆ ಎಂದು ಅವಳು ಹೇಳಿದರೆ ಅವನು ಹೆಡ್ಡನ ಹಾಗೆ ಅವಳ ಹಿಂದೆ ಬಂದಾನು. ಅವನೇ ಹೇಳಿದರೆ ಅವಳು ಆಣೆ ಮರೆತು ಅವನ ಹಿಂದೆ ಹೋದಾಳು. ಆದ್ದರಿಂದ ಒಪ್ಪಂದವಾಯಿತು: ಯಾವುದು ಎಂದು ಹೇಳಕೂಡದು, ಕೇಳಕೂಡದು. ಆಯ್ಕೆಯ ಕೊನೆಯ ದಿನ ಇಬ್ಬರ ಊರಿಗೂ ನಡುವಿನ ಯಾರ್ಕ್ ಸ್ಟೇಷನ್ನಿನಲ್ಲಿ ಕೂತು, ಒಟ್ಟಿಗೆ ಒತ್ತಿ, ಒಟ್ಟಿಗೆ ತೋರಿಸಬೇಕು.

*

ಸಂಜೆ ಆರಕ್ಕೆ ಗಡುವು. ಐದೂ ಮುಕ್ಕಾಲಿಗೆ ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಅವನ ಬೆನ್ನಿನ ಬಿಸಿ ಅಂಗಿ ದಾಟಿ ತಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ನೆಟ್ಟಗೆ ಯೋಚಿಸಲು ಸಾಧ್ಯವೇ ಎಂದು ಥಿಯಾಳಿಗೆ ಸಿಟ್ಟು ಬಂತು.

"ಒತ್ತಿದೆಯಾ?"

"ಇನ್ನೂ ಇಲ್ಲ. ನೀನು?"

"ಇನ್ನೂ ಹತ್ತು ನಿಮಿಷ ಇದೆ."

ಡರ್ಹಮ್ ಎಂಬ ಹೆಸರಿನ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ಆ ಗುಡ್ಡ, ಆ ಕಸದ ಡಬ್ಬಿ, ಆ ಕೆಂಪು ಕಿವಿ. ಆಮೇಲೆ ಅವಳಿಗೆ ಗೋಡೆ ನೆನಪಾಯಿತು, ಮೂರು ಬಣ್ಣ ನೆನಪಾಯಿತು, ಬಾಯಿ ತೆರೆದು ಮಾತು ಬಾರದೆ ನಿಂತಾಗ ಮೈಯೆಲ್ಲ ಜುಮ್ಮೆಂದದ್ದು ನೆನಪಾಯಿತು. ಕಣ್ಣು ಮುಚ್ಚದೆ ಒತ್ತಿದಳು.

ಇಬ್ಬರೂ ತಿರುಗಿದರು. ಫೋನುಗಳೂ ತಿರುಗಿದವು.

ಅವಳದು ವಾರಿಕ್. ಅವನದು ಡರ್ಹಮ್.

ಆಲ್ಬಿ ನಗುತ್ತಿದ್ದ, ಕಣ್ಣಲ್ಲಿ ನೀರಿಟ್ಟುಕೊಂಡು ನಗುತ್ತಿದ್ದ.

"ನನಗೆ ಗೊತ್ತಿತ್ತು. ಅವತ್ತು ರೈಲಲ್ಲಿ ನಿನ್ನ ಮುಖ ನೋಡಿದೆನಲ್ಲ. ಆ ಮುಖ ಅಲ್ಲಿಗೇ ಹೋಗಬೇಕು ಅನ್ನಿಸ್ತು. ಹೇಳೋ ಹಾಗಿರಲಿಲ್ಲ."

"ನೀನ್ಯಾಕೆ ಬರಲಿಲ್ಲ?" ಕೇಳಬಾರದೆಂದಿದ್ದರೂ ಬಾಯಿಗೆ ಬಂದುಬಿಟ್ಟಿತು.

"ನಮ್ಮೂರಿಂದ ಗುಡ್ಡ ಹತ್ತಿ ಓದೋಕೆ ಹೋದೋರು ಯಾರೂ ಇಲ್ಲ ಥಿಯಾ. ಊದೋಕೆ ಮಾತ್ರ ಹೋಗಿರೋದು. ಆರು ಮೈಲಿ ಹತ್ತಿರ ಇದ್ದೂ ದಾರಿ ಗೊತ್ತಿಲ್ವಾ ಅಂತ ನೀನು ಕೇಳಿದೆಯಲ್ಲ, ಅವತ್ತೇ ತೀರ್ಮಾನ ಮಾಡಿದೆ. ಬರೋ ವರ್ಷ ಯಾರಾದ್ರೂ ಕೇಳಿದರೆ ನಾನು ಸರಿಯಾಗಿ ದಾರಿ ತೋರಿಸಬೇಕು."

ಥಿಯಾ ಚೀಲದಿಂದ ಚೌಕುಳಿ ಪುಸ್ತಕ ತೆಗೆದು ಅವನ ತೊಡೆಯ ಮೇಲಿಟ್ಟಳು. ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನೀನು."

"ನಾನು ಸೊನ್ನೆನಾ?"

"ಇಷ್ಟು ದಿನ ಸೊನ್ನೆ ಇಡಲೇಬೇಕಿತ್ತು. ಸೊನ್ನೆ ಇಡದೇ ಇದ್ದಿದ್ರೆ ಬೇರೆ ಆರು ಸಾಲೂ ದಂಡ ಆಗೋಗ್ತಿತ್ತು." ಅವಳು ಪುಸ್ತಕ ಮುಚ್ಚಿದಳು. "ಈಗ ಒತ್ತಿ ಆಯ್ತಲ್ಲ. ಈಗ ಹೇಳಬಹುದು. ನಾನು ನಿನ್ನ ಪ್ರೀತಿಸ್ತೀನಿ ಆಲ್ಬಿ. ಆ ಅಡುಗೆಮನೆ ಹಿತ್ತಿಲಿಂದಾನೂ."

ಆಲ್ಬಿ ಹೇಳಿದ ಉತ್ತರ ಪಕ್ಕದ ಹಳಿಯಲ್ಲಿ ಹೋದ ರೈಲಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ರೈಲು ಪೂರ್ತಿ ಹೋಗಿ, ಸದ್ದು ಅಡಗಿದ ಮೇಲೂ ಅವರು ತುಟಿ ಬಿಡಿಸಿಕೊಳ್ಳಲಿಲ್ಲ. ಎದುರು ಬೆಂಚಿನ ಅಜ್ಜಿ ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದಳು, ಆದರೆ ಪುಟ ತಿರುವಲಿಲ್ಲ.

"ಒಂದು ಉಪಾಯ ಇದೆ," ಎಂದಳು ಥಿಯಾ, ಅವನ ಭುಜಕ್ಕೆ ಒರಗಿ. "ನನ್ನ ಆಸರೆ ಸೀಟು ಡರ್ಹಮ್ಮೇ. ನಾಳೆ ಗಣಿತದ ಪೇಪರ್. ಸ್ವಲ್ಪ ಕೆಟ್ಟರೆ ಸಾಕು, ಸೀದಾ ನಿನ್ನ ಊರಿಗೇ ಬಂದು ಬೀಳ್ತೀನಿ."

ತಮಾಷೆಗೆ ಹೇಳಿದ್ದು. ಪೂರ್ತಿ ತಮಾಷೆಯೂ ಅಲ್ಲ. ಆಲ್ಬಿಯ ನಗು ನಿಂತಿತು. ಅವನು ಜೇಬಿಗೆ ಕೈಹಾಕಿ ಆ ಮೋಟು ಪೆನ್ಸಿಲ್ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದ.

"ಪರೀಕ್ಷೇಲಿ ಪೆನ್ಸಿಲಲ್ಲಿ ಬರೆಯೋ ಹಾಗಿಲ್ಲ ಕಣೋ."

"ಚಿತ್ರ ಬರೆಯೋಕಾಗುತ್ತೆ. ಎರಡು ಗಂಟೆ ಪೂರ್ತಿ ಬರಿ. ಒಂದೇ ಒಂದು ಮಾರ್ಕೂ ನನಗೋಸ್ಕರ ಬಿಡಬೇಡ. ಬಿಟ್ಟು ಬಂದರೆ ಸ್ಟೇಷನ್ನಿಂದಲೇ ವಾಪಸ್ ಕಳಿಸ್ತೀನಿ."

"ಕಳಿಸ್ತೀಯಾ?"

"ಅಳ್ತಾ ಕಳಿಸ್ತೀನಿ."

*

ಮಾರನೆಯ ದಿನ ಶಾಲೆಯ ಜಿಮ್‌ನಲ್ಲಿ ಸಾಲು ಮೇಜು. ಕೊನೆಯ ಪ್ರಶ್ನೆ ಕಲ್ಲಿನ ಹಾಗಿತ್ತು. ಎರಡು ಸಲ ಹಿಡಿದಳು, ಎರಡು ಸಲವೂ ಜಾರಿತು. ಗಡಿಯಾರ ಹನ್ನೆರಡು ನಿಮಿಷ ಉಳಿದಿದೆ ಎನ್ನುತ್ತಿತ್ತು.

ಸುತ್ತಲಿನವರು ಒಬ್ಬೊಬ್ಬರಾಗಿ ಪೆನ್ನು ಕೆಳಗಿಡುತ್ತಿದ್ದರು. ಅವಳೂ ಇಟ್ಟರೆ ಯಾರೂ ಏನೂ ಅನ್ನುವಂತಿರಲಿಲ್ಲ. ಬಾರದ ಲೆಕ್ಕ ಬಾರದು, ಅಷ್ಟೇ. ಸೆಪ್ಟೆಂಬರಿನಲ್ಲಿ ಆ ಗುಡ್ಡದ ಕೆಳಗೆ ನೇರಳೆ ಕೋಟೊಂದು ಕಾಯುತ್ತಿರುತ್ತದೆ. ಬೆತ್‌ಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ.

ಅವನಿಗೆ ಗೊತ್ತಾಗುತ್ತದೆ ಎಂದು ಥಿಯಾಳಿಗೆ ಗೊತ್ತಿತ್ತು. ಅವಳ ಮುಖ ನೋಡಿದ ತಕ್ಷಣ ಗೊತ್ತಾಗುತ್ತದೆ.

ಹಲ್ಲಿನ ಗುರುತಿದ್ದ ಪೆನ್ಸಿಲ್ ತೆಗೆದುಕೊಂಡಳು. ಸೂತ್ರವನ್ನೆಲ್ಲ ಬದಿಗಿಟ್ಟು ಬರೀ ಚಿತ್ರ ಬರೆದಳು. ಒಂದು ಬಾಗಿದ ಗೆರೆ, ಅದನ್ನು ಮುಟ್ಟುವ ಒಂದು ನೇರ ಗೆರೆ. ಎರಡೂ ಒಂದೇ ಕಡೆ ತಾಗುವುದು ಕಂಡಿತು. ಮೈ ಜುಮ್ಮೆಂದಿತು. ಪೆನ್ನು ಎತ್ತಿಕೊಂಡು, 'ಪೆನ್ನು ಕೆಳಗಿಡಿ' ಎಂದು ಮೇಲ್ವಿಚಾರಕಿ ಕೂಗುವವರೆಗೂ ಬರೆಯುತ್ತಲೇ ಇದ್ದಳು.