ಮೂರನೆಯ ಕೂಗು

ಚೆಂಡು ಮೇಲಕ್ಕೆ ಹಾರಿತು. ಆದರೆ ಕೆಳಗೆ ಬರಲಿಲ್ಲ.

ಬ್ಯಾಟ್ ಬೀಸಿದಾಗ ಟಕ್ ಎಂದ ಸದ್ದು ಎಲ್ಲರಿಗೂ ಕೇಳಿಸಿತ್ತು. ನೀಲಾ ಕತ್ತೆತ್ತಿ ನೋಡಿದಳು. ಚೆಂಡು ಮಂಜಿನೊಳಗೆ ಹೊಕ್ಕು ಮಾಯವಾಗಿತ್ತು. ದೂರದಲ್ಲಿ ಫೀಲ್ಡರ್ ಒಬ್ಬ ಎರಡೂ ಕೈ ಚಾಚಿ, ಕಣ್ಣು ಕಾಣದವನ ಹಾಗೆ ನಿಂತಲ್ಲೇ ಸುತ್ತುತ್ತಿದ್ದ. ಸಾವಿರಾರು ಜನ ಸದ್ದಿಲ್ಲದೆ ಕಾದರು. ಕೊನೆಗೆ ಎಲ್ಲೋ ಧೊಪ್ ಎಂದಿತು. ಎಲ್ಲಿ ಎಂದು ಯಾರಿಗೂ ತಿಳಿಯಲಿಲ್ಲ.

ಅಂಪೈರ್ ಕೈ ಎತ್ತಿ ಆಟ ನಿಲ್ಲಿಸಿದ.

ಡೆಟ್ರಾಯಿಟ್ ಡೌನ್‌ಟೌನ್‌ನ ಬಾಲ್‌ಪಾರ್ಕ್‌ಗೆ, ಅಂದರೆ ಬೇಸ್‌ಬಾಲ್ ಮೈದಾನಕ್ಕೆ, ನೀಲಾ ಬಂದದ್ದು ಇದೇ ಮೊದಲು. ಅವಳ ಪೂರ್ತಿ ಹೆಸರು ನೀಲಾಂಬಿಕಾ. ಹತ್ತಿರದ ಪ್ಲಿಮತ್ ಊರಿನ ಹುಡುಗಿಯರ ಸಾಫ್ಟ್‌ಬಾಲ್ ಟೀಮಿನಲ್ಲಿ ಆಡುತ್ತಿದ್ದಳು. ಆ ಶನಿವಾರ ಮಧ್ಯಾಹ್ನ ಕೋಚ್ ಕ್ಯಾರೊಲ್ ಆರು ಹುಡುಗಿಯರನ್ನು ವ್ಯಾನಿನಲ್ಲಿ ಕರೆದುಕೊಂಡು ಬಂದಿದ್ದರು. ಮೊದಲ ಇನ್ನಿಂಗ್ಸ್ ಹೊತ್ತಿಗೆ ಮೈದಾನದಾಚೆಯ ಎತ್ತರದ ಕಟ್ಟಡಗಳೆಲ್ಲ ಕಾಣುತ್ತಿದ್ದವು. ಆಮೇಲೆ ನದಿಯ ಕಡೆಯಿಂದ ಮಂಜು ಬಂತು. ಒಂದೊಂದೇ ಮಹಡಿಯನ್ನು ನುಂಗಿತು. ಈಗ ಅಲ್ಲಿ ಕಟ್ಟಡಗಳೇ ಇರಲಿಲ್ಲ. ದೊಡ್ಡ ದೊಡ್ಡ ಲೈಟುಗಳು ಮಾತ್ರ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತಿದ್ದವು.

"ಬಾತ್‌ರೂಮಿಗೆ ಹೋಗೋರು ಈಗ ಹೋಗಿ. ಒಬ್ಬೊಬ್ಬರೇ ಹೋಗೋ ಹಾಗಿಲ್ಲ, ಇಬ್ಬಿಬ್ಬರು," ಎಂದರು ಕೋಚ್.

ನೀಲಾ ಮತ್ತು ಅವಳ ಗೆಳತಿ ಹ್ಯಾಡ್ಲಿ ಎದ್ದರು.

ಹ್ಯಾಡ್ಲಿ ಜೊತೆ ಹೋಗುವುದು ನೀಲಾಳಿಗೆ ಸ್ವಲ್ಪ ಕಸಿವಿಸಿಯಾಗಿತ್ತು. ಬರುವಾಗ ವ್ಯಾನಿನಲ್ಲಿ ಅಪ್ಪನ ಫೋನ್ ಬಂದಿತ್ತು. "ಏನವಾ, ಅಲ್ಲಿಗೆ ಮುಟ್ಟಿದ್ರೇನು?" ಎಂದು ಅಪ್ಪ ಸ್ಪೀಕರಿನಲ್ಲಿ ಜೋರಾಗಿ ಕೇಳಿದ್ದರು. ನೀಲಾ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಕಟ್ ಮಾಡಿದ್ದಳು.

"ಅದು ಯಾವ ಭಾಷೆ? ನೀನೂ ಮಾತಾಡ್ತೀಯಾ?" ಎಂದು ಹ್ಯಾಡ್ಲಿ ಕೇಳಿದಾಗ, ನೀಲಾ "ಇಲ್ಲ, ನಂಗೆ ಬರಲ್ಲ" ಎಂದುಬಿಟ್ಟಿದ್ದಳು. ಯಾಕೆ ಹಾಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಮಾತಾಡುವುದು ಕನ್ನಡವೇ.

ಬಾತ್‌ರೂಮಿಗೆ ಎರಡು ಬಾಗಿಲುಗಳಿದ್ದವು. ಹುಡುಗಿಯರು ಒಂದರಿಂದ ಒಳಗೆ ಹೋಗಿ, ನೋಡದೆ ಇನ್ನೊಂದರಿಂದ ಹೊರಗೆ ಬಂದರು. ಅಲ್ಲಿ ಅಂಗಡಿಗಳಿರಲಿಲ್ಲ, ಜನರೂ ಇರಲಿಲ್ಲ. ಬೂದು ಬಣ್ಣದ ಸಿಮೆಂಟಿನ ರ‍್ಯಾಂಪ್ ಒಂದು ಇಳಿಜಾರಾಗಿ ಮಂಜಿನೊಳಗೆ ಹೋಗುತ್ತಿತ್ತು. ಗೋಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ರಾಂಗ್ ಸೈಡ್," ಎಂದಳು ಹ್ಯಾಡ್ಲಿ. "ವಾಪಸ್ ಹೋಗೋಣ."

ಆಗ ಕೇಳಿಸಿತು.

"ಮಗಾ... ಇದ್ದೀಯಾ?"

ನೀಲಾಳ ಕಾಲುಗಳು ನಿಂತುಬಿಟ್ಟವು. ದನಿ ಸಣ್ಣದಾಗಿತ್ತು, ನಡುಗುತ್ತಿತ್ತು. ಕೆಳಗಿನಿಂದ ಬಂತೋ, ಮೇಲಿನಿಂದಲೋ, ಗೋಡೆಯ ಒಳಗಿನಿಂದಲೋ ತಿಳಿಯಲಿಲ್ಲ. ಆದರೆ ಅದು ಕನ್ನಡ.

"ಕೇಳಿಸ್ತಾ?" ಎಂದು ಪಿಸುಗುಟ್ಟಿದಳು.

"ಏನು? ಓ, ಅದಾ? ಸೀಗಲ್ ಇರಬೇಕು. ಇಲ್ಲಿ ಆ ಹಕ್ಕಿಗಳು ಬಹಳ," ಎಂದಳು ಹ್ಯಾಡ್ಲಿ.

ನೀಲಾಳ ಮೈ ಜುಮ್ಮೆಂದಿತು. ಇಲ್ಲಿ ಕನ್ನಡದಲ್ಲಿ ಯಾರು ಕರೆಯುತ್ತಾರೆ? ತನ್ನನ್ನೇ ಕರೆಯುತ್ತಿದೆಯೇ?

ಗದಗಿನ ಅಜ್ಜಿ ವಿಡಿಯೋ ಕಾಲಿನಲ್ಲಿ ಹೇಳಿದ್ದ ಮಾತು ನೆನಪಾಯಿತು. "ಕತ್ತಲಾಗ, ಮಂಜಿನ್ಯಾಗ ಯಾರರೆ ಕರದ್ರ ಲಗೂನ ಓ ಅನಬ್ಯಾಡವಾ. ಮೂರು ಸಲ ಕರೀಲಿ. ದೆವ್ವ ಮೂರನೇ ಸಲ ಕರಿಯೂದಿಲ್ಲ." ಅಂದು ನೀಲಾ ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಮಗಾ... ಇದ್ದೀಯಾ?"

ಎರಡಾಯಿತು. ಈ ಸಲ ದನಿ ಇನ್ನೂ ಸಣ್ಣದಾಗಿತ್ತು.

"ನೀಲಾ, ಬಾ. ನಂಗೆ ಇಲ್ಲಿ ಇಷ್ಟ ಆಗ್ತಿಲ್ಲ," ಎಂದು ಹ್ಯಾಡ್ಲಿ ಅವಳ ತೋಳು ಎಳೆದಳು.

ನೀಲಾ ಕಾದಳು. ಎಲ್ಲೋ ಸ್ಪೀಕರಿನಲ್ಲಿ ಆರ್ಗನ್ ಸಂಗೀತ ಶುರುವಾಗಿ ನಿಂತಿತು. ನೀರು ತೊಟ್ಟಿಕ್ಕಿತು. ಮೂರನೆಯ ಕೂಗು ಬರಲೇ ಇಲ್ಲ.

ಅವಳಿಗೆ ಮೊದಲು ಓಡಿಹೋಗಬೇಕು ಅನ್ನಿಸಿತು. ಮರುಕ್ಷಣ ಬೇರೆ ಯೋಚನೆ ಬಂತು. ಮೂರನೆಯ ಸಲ ಕೂಗಲು ಅವರಿಗೆ ಆಗುತ್ತಿಲ್ಲದಿದ್ದರೆ?

"ಓ..." ಎಂದಳು ನೀಲಾ, ಮಂಜಿನ ಕಡೆ ತಿರುಗಿ. "ಓ... ಯಾರು? ಎಲ್ಲಿ ಅದೀರಿ?"

ಹ್ಯಾಡ್ಲಿ ಬೆರಗಾಗಿ ಅವಳನ್ನು ನೋಡಿದಳು.

ಕೆಳಗೆ ಏನೋ ಸರಿದಾಡಿದ ಸದ್ದಾಯಿತು. ನೀಲಾ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಳಿದಳು. ಹ್ಯಾಡ್ಲಿ ಅವಳ ಜಾಕೆಟ್ ಹಿಡಿದು ಹಿಂದೆ ಬಂದಳು. ರ‍್ಯಾಂಪಿನ ತಿರುವಿನಲ್ಲಿ, ಗೋಡೆಗೆ ಒರಗಿ, ಬೆಳ್ಳಗೆ ಏನೋ ಕುಳಿತಿತ್ತು. ಅದಕ್ಕೆ ಕೈಗಳಿರಲಿಲ್ಲ. ಮುಖ ಇರುವಲ್ಲಿ ಬರೀ ಕಪ್ಪು ಕಾಣುತ್ತಿತ್ತು.

ಹ್ಯಾಡ್ಲಿ ಸಣ್ಣಗೆ ಚೀರಿದಳು. ನೀಲಾ ಕಣ್ಣು ಕೆಳಗೆ ಹಾಯಿಸಿದಳು. ಆ ಬೆಳ್ಳನೆಯದರ ಅಡಿಯಲ್ಲಿ ಎರಡು ಪಾದಗಳಿದ್ದವು. ಉಣ್ಣೆಯ ಸಾಕ್ಸ್ ಹಾಕಿಕೊಂಡು, ಅದರ ಮೇಲೆ ಹವಾಯಿ ಚಪ್ಪಲಿ ಮೆಟ್ಟಿದ ಪಾದಗಳು.

ದೆವ್ವ ಸಾಕ್ಸ್ ಹಾಕುವುದಿಲ್ಲ.

"ಅಜ್ಜಿ?" ಎಂದಳು ನೀಲಾ.

ಬಿಳಿಯ ಪ್ಲಾಸ್ಟಿಕ್ ರೇನ್‌ಕೋಟಿನ ಟೋಪಿಯೊಳಗಿಂದ ಒಂದು ಮುಖ ಮೇಲೆ ನೋಡಿತು. ತುಂಬಾ ವಯಸ್ಸಾದ ಮುಖ. "ಯಾರವ್ವ ನೀನು? ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ. ಕನ್ನಡಕ ಮಗನ ತಾವ ಅದೆ."

ನೀಲಾ ಪಕ್ಕದಲ್ಲಿ ಕುಳಿತಳು. ರೇನ್‌ಕೋಟಿನೊಳಗಿನಿಂದ ಹೊರಬಂದ ಅಜ್ಜಿಯ ಕೈ ಐಸಿನಂತೆ ಕೊರೆಯುತ್ತಿತ್ತು. ಅವರ ಹೆಸರು ಕೆಂಪಮ್ಮ. ಮಂಡ್ಯದ ಕಡೆಯವರು, ಮಗ ದಿನೇಶ್ ಮನೆಗೆ ಬಂದಿದ್ದರು. ಬಾತ್‌ರೂಮಿಗೆ ಹೋದವರು ಬೇರೆ ಬಾಗಿಲಿನಿಂದ ಹೊರಬಿದ್ದು, ದಾರಿ ಹುಡುಕುತ್ತಾ ಇಳಿದು, ಮಂಡಿ ಹಿಡಿದುಕೊಂಡು ಇಲ್ಲೇ ಕುಸಿದಿದ್ದರು. ಅವರು ಹೇಳಿದ ಕೆಲವು ಮಾತುಗಳು ನೀಲಾಳ ಮನೆಯ ಕನ್ನಡದಂತಿರಲಿಲ್ಲ. ಆದರೂ ಅರ್ಥವಾಯಿತು.

"ನಾ ಕೂಗ್ತಾನೇ ಇದ್ನಲ್ಲವ್ವ. ಜನ ಓಯ್ತಿದ್ರು, ಬತ್ತಿದ್ರು. ನಕ್ಕೊಂಡು ಏನೋ ಅಂದು ಓಗೋರು. ಒಬ್ಬಳು ಈ ಕೋಟ್ನ ಮೈಮ್ಯಾಲೆ ಒದಿಸಿ ಓದ್ಲು, ಪುಣ್ಯಾತ್ಗಿತ್ತಿ. ಆಮ್ಯಾಕೆ ಯಾರೂ ಬರ್ನಿಲ್ಲ."

"ಹ್ಯಾಡ್ಲಿ, ಅವರಿಗೆ ಏಳೋಕೆ ಆಗಲ್ಲ. ಯಾರನ್ನಾದ್ರೂ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ," ಎಂದು ನೀಲಾ ಇಂಗ್ಲಿಷಿನಲ್ಲಿ ಹೇಳಿದಳು. ಹ್ಯಾಡ್ಲಿ ಓಡಿದಳು.

ಅವಳ ಹೆಜ್ಜೆ ಸದ್ದು ಅಡಗಿದ ಮೇಲೆ ಮಂಜು ಇನ್ನಷ್ಟು ಹತ್ತಿರ ಬಂದಂತಾಯಿತು. ತಿರುವಿನ ಆಚೆ ಏನೂ ಕಾಣುತ್ತಿರಲಿಲ್ಲ. ನೀಲಾಳಿಗೆ ಭಯವಾಯಿತು. ಅಜ್ಜಿಗೂ ಆಗಿತ್ತು. ಅವರ ಬೆರಳುಗಳು ಅವಳ ಕೈಯನ್ನು ಬಿಡಲಿಲ್ಲ.

"ಮಾತಾಡ್ತಾ ಇರವ್ವ," ಎಂದರು ಅಜ್ಜಿ. "ಏನಾರ ಸರಿ."

ನೀಲಾ ತನ್ನ ಟೀಮಿನ ಬಗ್ಗೆ ಹೇಳಿದಳು. ಬೇಸ್‌ಗೆ ಓಡುವಾಗ ಬಿದ್ದು ಮೊಣಕಾಲು ತರಚಿಕೊಂಡದ್ದನ್ನು ಹೇಳಿದಳು. ಮನೆಯ ಹೊರಗೆ ತಾನು ಇಷ್ಟು ಹೊತ್ತು ಬರೀ ಕನ್ನಡ ಮಾತಾಡಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಬಾಲ್‌ಪಾರ್ಕಿನ ಸಿಬ್ಬಂದಿ ಗಾಲಿಕುರ್ಚಿ ತಂದರು. ಅವರ ಹಿಂದೆ ಹ್ಯಾಡ್ಲಿ, ಕೋಚ್. ಅವರೆಲ್ಲರನ್ನೂ ದಾಟಿಕೊಂಡು ಅಜ್ಜಿಯ ಮಗ ದಿನೇಶ್ ಓಡಿಬಂದರು.

"ಎಲ್ಲಿ ಹೋಗಿದ್ಯಮ್ಮಾ? ಅರ್ಧ ಗಂಟೆಯಿಂದ ಹುಡುಕ್ತಿದೀನಿ," ಎಂದು ಗದರಿದವರು, ಮಾತು ಮುಗಿಯುವಷ್ಟರಲ್ಲಿ ಅಮ್ಮನ ಮಡಿಲಲ್ಲಿ ತಲೆ ಇಟ್ಟು ಅಳತೊಡಗಿದರು. ಅಷ್ಟು ದೊಡ್ಡವರು ಅತ್ತದ್ದನ್ನು ನೀಲಾ ಹಿಂದೆ ನೋಡಿರಲಿಲ್ಲ.

ಸೀಟಿನ ಕಡೆ ಹಿಂತಿರುಗುವಾಗ ಹ್ಯಾಡ್ಲಿ ನೀಲಾಳ ಪಕ್ಕಕ್ಕೆ ಬಂದಳು.

"ನಿಂಗೆ ಆ ಭಾಷೆ ಬರಲ್ಲ ಅಂದಿದ್ದೆ," ಎಂದಳು.

"ಸುಳ್ಳು ಹೇಳಿದೆ."

"ಯಾಕೆ?"

ನೀಲಾ ಭುಜ ಕುಣಿಸಿದಳು. "ಗೊತ್ತಿಲ್ಲ. ಸಾರಿ."

ಹ್ಯಾಡ್ಲಿ ತಲೆಯಾಡಿಸಿದಳು. ಸ್ವಲ್ಪ ದೂರ ನಡೆದ ಮೇಲೆ, "ನಾನೂ ಕೇಳಿಸ್ಕೊಂಡೆ," ಎಂದಳು ಮೆಲ್ಲಗೆ. "ನಿಜವಾಗ್ಲೂ ಹಕ್ಕಿ ಅಂದ್ಕೊಂಡೆ, ನೀಲಾ."

ಮಂಜು ಇನ್ನೂ ಕರಗಿರಲಿಲ್ಲ. ಖಾಲಿ ಮೈದಾನ ಅರ್ಧ ಮಾತ್ರ ಕಾಣುತ್ತಿತ್ತು. ಸುತ್ತ ಕಾಣದ ಜನರ ಗುಜುಗುಜು ತುಂಬಿತ್ತು. ನೀಲಾ ಒದ್ದೆ ಸೀಟಿನಲ್ಲಿ ಕುಳಿತು ಕಿವಿಗೊಟ್ಟಳು. ಹಿಂದಿನ ಸಾಲುಗಳಲ್ಲಿ ಒಂದು ಗಂಡಸಿನ ದನಿ, ಅವಳಿಗೆ ಗೊತ್ತಿಲ್ಲದ ಯಾವುದೋ ಭಾಷೆಯಲ್ಲಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು.

ಇವನೂ ಸಹಾಯಕ್ಕೆ ಕೂಗುತ್ತಿದ್ದಾನೇನೋ ಎಂದು ನೀಲಾ ಎದ್ದು ನಿಂತು ಹಿಂದೆ ನೋಡಿದಳು. ಮಂಜಿನಲ್ಲಿ ಮುಖ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ತೊಡೆಯ ಮೇಲಿನ ಮಗುವಿಗೆ ಏನನ್ನೋ ತಿನ್ನಿಸುತ್ತಿದ್ದ. ಮಗು ಬೇಡವೆಂದು ಮುಖ ತಿರುಗಿಸುತ್ತಿತ್ತು.

ಅವಳು ಉಸಿರು ಬಿಟ್ಟು, ನಿಧಾನವಾಗಿ ಕುಳಿತುಕೊಂಡಳು.